ಅಕ್ಕೋರ ಹೂಂ

ಬಿಳಿ ಹಾಳೆಗೆ ಹೆದರುವ ಬರಹಗಾರರು ಎಲ್ಲ ಊರುಗಳಲ್ಲೂ ಇರುತ್ತಾರಂತೆ. ಅವರೆಲ್ಲ ಬರೆಯುವ ಮುಂಚೆ ಹೆದರುತ್ತಾರೆ. ನಮ್ಮೂರಿನವರು ಹೆದರುವುದು ಬರೆದ ಮರುದಿನ ಬೆಳಿಗ್ಗೆ. ಇಲ್ಲಿ ಬರೆದದ್ದನ್ನು ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಬೇಕು, ಕೇಳಿದವರು ಕೊನೆಗೆ ಹೂಂ ಅನ್ನಬೇಕು. ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಹಾಳೆ ಅಂಗಡಿಯಿಂದ ಆಗತಾನೆ ತಂದ ಹಾಗೆ ಇರುತ್ತದೆ. ಹೊರಗಿನಿಂದ ಅಚ್ಚಾಗಿ ಬಂದ ಪುಸ್ತಕಗಳಿಗೆ ಈ ತಾಪತ್ರಯವಿಲ್ಲ. ಕಾಗದ ಬರೆಯುವವರು ಅಂಚೆಯವನನ್ನೇ ಕಟ್ಟೆಯ ಮೇಲೆ ಕೂರಿಸಿ ಓದುತ್ತಾರೆ. ಹಾಗಾಗಿ ಅವನಿಗೆ ಎಲ್ಲರ ಮನೆಯ ಗುಟ್ಟೂ ಗೊತ್ತು, ಮದುವೆ ಮಾತುಕತೆಗೆ ಮಾತ್ರ ಅವನನ್ನು ಯಾರೂ ಕರೆಯುವುದಿಲ್ಲ. ಗಂಡನ ಮೇಲೆ ಅರ್ಜಿ ಬರೆಯುವ ಹೆಂಗಸು ಮೊದಲು ಒಬ್ಬ ಗೆಳತಿಯನ್ನು ಹುಡುಕಿಕೊಳ್ಳುತ್ತಾಳೆ. ಬಾಯಲ್ಲಿ ಹೂಂ ಅಂದರೆ ಸಾಲದು, ಕೇಳಿರಬೇಕು. ಬೇರೆಲ್ಲೋ ಮನಸ್ಸಿಟ್ಟು ಅಂದ ಹೂಂ ಹಾಳೆಯನ್ನು ಹಿಡಿಯುವುದಿಲ್ಲ. ಅದು ಎಂಥ ಹೂಂ ಎಂಬುದು ಮರುದಿನದ ಬೆಳಕಿಗೇ ಗೊತ್ತಾಗುವುದು.

ನಾನು ಸಾವಂತ್ರವ್ವ. ಕಲ್ಲುಗಣಿಯ ಪಕ್ಕದ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದ್ದೇನೆ, ಊರಿಗೆಲ್ಲ ಅಕ್ಕೋರು. ದೀರ್ಘ ಬಿಟ್ಟರೆ, ಒತ್ತು ಬಿಟ್ಟರೆ ನನಗೆ ಮೈ ಉರಿಯುತ್ತದೆ, ಈಗಲೂ. ತರಗತಿಯಲ್ಲಿ ಐವತ್ತು ಮಕ್ಕಳು ಒಬ್ಬೊಬ್ಬರಾಗಿ ಬಂದು ಬರೆದದ್ದನ್ನು ಓದುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಮರುದಿನ ಹತ್ತು ಹನ್ನೆರಡು ಪುಸ್ತಕಗಳಾದರೂ ಬೆಳ್ಳಗಿರುತ್ತಿದ್ದವು. ಮತ್ತೆ ಬರೆಸಿದರೆ ಮತ್ತೆ ಬೆಳ್ಳಗೆ. ಮನೆಯಲ್ಲಿ ಬರೆಯದೆ ಬಂದು, ಬಾಯಿಪಾಠ ಒಪ್ಪಿಸಿ ಮೋಸ ಮಾಡುತ್ತಾರೆ ಎಂದು ಆ ಮಕ್ಕಳ ಅಂಗೈಗೆ ಹೊಡೆಯುತ್ತಿದ್ದೆ. ಅಪ್ಪಂದಿರನ್ನು ಕರೆಸಿ ಪುಸ್ತಕ ತೋರಿಸುತ್ತಿದ್ದೆ. ತಪ್ಪು ನನ್ನ ಹೂಂನಲ್ಲಿ ಇರಬಹುದು ಎಂದು ಒಂದು ದಿನವೂ ಅನ್ನಿಸಲಿಲ್ಲ.

ನನ್ನ ಮಗಳು ಶೈಲಾ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಅವಳ ಬಗ್ಗೆ ಬರೆದಿಡಬೇಕೆಂದು ಅದೇ ವರ್ಷ ಶುರು ಮಾಡಿದೆ. ಬರೆದು ನನ್ನ ಗಂಡ ಈರಪ್ಪನ ಮುಂದೆ ಕೂತು ಓದುತ್ತಿದ್ದೆ. ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಕೊನೆಗೆ ಹೂಂ ಅನ್ನುತ್ತಿದ್ದರು. ಬೆಳಿಗ್ಗೆ ನೋಡಿದರೆ ಏನೂ ಇಲ್ಲ. ಅವರಿಗೆ ಕೇಳಲು ಆಗುತ್ತಿರಲಿಲ್ಲ, ಮೊದಲ ಸಾಲಿಗೇ ಒಳಗೆಲ್ಲೋ ಬಾಗಿಲು ಹಾಕಿಕೊಂಡುಬಿಡುತ್ತಿದ್ದರು. ಅದು ನನಗೆ ಅರ್ಥವಾಗಲಿಲ್ಲ. ಹೆತ್ತ ಮಗಳ ಮಾತನ್ನೂ ಕಿವಿಗೆ ಹಾಕಿಕೊಳ್ಳದ ಕಲ್ಲು ಮನುಷ್ಯ ಎಂದು ಜಗಳವಾಡಿದೆ, ಆಮೇಲೆ ಮಾತು ಬಿಟ್ಟೆ. ಬೇರೆಯವರ ಮುಂದೆ ಓದಲು ಅಹಂಕಾರ ಬಿಡಲಿಲ್ಲ. ಹೀಗೆ ಹನ್ನೊಂದು ನೋಟ್‌ಬುಕ್ಕು ಬೆಳ್ಳಗಾದವು. ಈರಪ್ಪ ತೀರಿಹೋದರು, ನನಗೆ ನಿವೃತ್ತಿಯಾಯಿತು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಶೈಲಾಳ ಮುಂದಿನ ಹಲ್ಲು ಮುರಿದಿತ್ತಲ್ಲ, ಎಡಗಡೆಯದೋ ಬಲಗಡೆಯದೋ ಎಂದು ಯೋಚಿಸಿದೆ. ನೆನಪಾಗಲಿಲ್ಲ. ಸಂಜೆಯವರೆಗೂ ನೆನಪಾಗಲಿಲ್ಲ. ನನಗೆ ಭಯವಾಯಿತು. ಅವಳು ಇದ್ದದ್ದು ಗೊತ್ತಿದ್ದವಳು ನಾನೊಬ್ಬಳೇ ಉಳಿದಿದ್ದೆ, ನನ್ನಿಂದಲೂ ಅವಳು ಹೋಗುತ್ತಿದ್ದಳು.

ಮರುದಿನವೇ ಹೂಂಕಟ್ಟೆಗೆ ಹೋದೆ. ಗಣಿಯವರು ಬಿಟ್ಟುಹೋದ ಕಲ್ಲು ಕೊಯ್ಯುವ ಶೆಡ್ಡಿಗೆ ಊರವರು ಇಟ್ಟ ಹೆಸರು ಅದು. ಮಧ್ಯಾಹ್ನದ ಮದ್ದು ಸಿಡಿಸುವುದು ಮುಗಿದು ಧೂಳು ಇಳಿದ ಮೇಲೆ, ಮೂರು ಗಂಟೆಗೆ, ಬರೆಯುವ ಚಟ ಇದ್ದವರು ಅಲ್ಲಿ ಸೇರುತ್ತಿದ್ದರು. ಚಟ ಎಂದು ನಾನೇ ಮೂಗು ಮುರಿಯುತ್ತಿದ್ದೆ. ಒಳಗೆ ಮೂವರಿದ್ದರು. ಗಣಿಯಲ್ಲಿ ನಲವತ್ತು ವರ್ಷ ಡ್ರಿಲ್ ಹಿಡಿದು ಎದೆಯ ತುಂಬ ಕಲ್ಲುಪುಡಿ ತುಂಬಿಕೊಂಡಿದ್ದ ದಾವಲಸಾಬರು, ಸಂತೆಯಲ್ಲಿ ಸೊಪ್ಪು ಮಾರುವ ಶಿವಗಂಗವ್ವ, ದವಾಖಾನೆಯ ಕಂಪೌಂಡರ್ ವಿರೂಪಾಕ್ಷಿ. ದಾವಲಸಾಬರು ಎದ್ದು ನಿಂತು ತಮ್ಮ ಕಲ್ಲನ್ನು ಹೆಗಲ ಟವೆಲಿನಿಂದ ಒರೆಸಿದರು.

"ಬರ್ರಿ ಅಕ್ಕೋರ, ಇಲ್ಲಿ ಕುಂದರ್ರಿ. ಇಲ್ಲಿ ಒಂದ ಪದ್ಧತಿ ಐತಿ. ಯಾರೂ ತಿದ್ದಂಗಿಲ್ಲ. ಚಲೋ ಐತಿ ಅಂತನೂ ಅನ್ನಂಗಿಲ್ಲ. ಕೇಳೂದು, ಹೂಂ ಅನ್ನೂದು, ಅಷ್ಟ."

ಶಿವಗಂಗವ್ವ ಓದತೊಡಗಿದಳು. ಅವಳು ಬರೆಯುತ್ತಿದ್ದದ್ದು ಸಂತೆಯಲ್ಲಿ ಮೂವತ್ತು ವರ್ಷಗಳಲ್ಲಿ ಕೇಳಿದ ಬೈಗುಳಗಳ ಪಟ್ಟಿ, ಯಾರು ಯಾರಿಗೆ ಯಾವ ಕಾರಣಕ್ಕೆ ಬೈದರು ಎಂಬ ವಿವರಗಳ ಸಮೇತ. ನಾನು ಬಗ್ಗಿ ಅವಳ ಪುಸ್ತಕ ನೋಡಿದೆ. "ಅತ್ತೆ ಅನ್ನೋದಕ್ಕೆ ತ ಒತ್ತು ಬೇಕಲ್ಲವಾ," ಎಂದುಬಿಟ್ಟೆ.

"ನಮ್ಮ ಅತ್ತಿಗೆ ಒತ್ತು ಕೊಡೂದು ಬ್ಯಾಡ್ರಿ ಅಕ್ಕೋರ, ಆಕಿ ಒತ್ತಿದ್ದು ನನಗ ಸಾಕಾಗೇತಿ," ಎಂದಳು ಅವಳು. "ನಿಮ್ಮ ಕೆಂಪು ಪೆನ್ನು ಮನ್ಯಾಗ ಇಟ್ಟ ಬರ್ರಿ."

ಎಲ್ಲರೂ ನಕ್ಕರು. ನನಗೆ ಮುಖ ಕೆಂಪಾಯಿತು, ಆದರೆ ಎದ್ದು ಹೋಗಲಿಲ್ಲ. ನನ್ನ ಸರದಿ ಬಂದಾಗ ಅರ್ಧ ಪುಟ ಓದಿದೆ. ಶೈಲಾ ಬಳಪ ತಿನ್ನುತ್ತಿದ್ದದ್ದು, ಸಿಕ್ಕಿಬಿದ್ದಾಗ ಬಿಳಿ ತುಟಿಯಲ್ಲೇ ಇಲ್ಲ ಎನ್ನುತ್ತಿದ್ದದ್ದು. ಮೂವರೂ ಹೂಂ ಅಂದರು. ದಾವಲಸಾಬರ ಹೂಂ ಎಲ್ಲರಿಗಿಂತ ಸ್ವಲ್ಪ ತಡವಾಗಿ ಬಂತು, ಕೇಳಿದ್ದನ್ನೆಲ್ಲ ಒಂದು ಕಡೆ ಜೋಡಿಸಿಟ್ಟು ಬಂದವರ ಹಾಗೆ. ಮರುದಿನ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಒಯ್ದೆ. ತೆಗೆದೆ. ಅಕ್ಷರಗಳು ಇದ್ದವು. ಬಳಪ ಎಂಬ ಪದದ ಮೇಲೆ ಬೆರಳಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತು ಅತ್ತೆ. ಅಷ್ಟು ವರ್ಷಗಳಲ್ಲಿ ಹಾಗೆ ಅತ್ತಿರಲಿಲ್ಲ.

ಆಮೇಲೆ ನನಗೆ ಹುಚ್ಚು ಹಿಡಿಯಿತು ಎಂದೇ ಹೇಳಬೇಕು. ದಿನಕ್ಕೆ ಒಂದು ಪುಟ, ಕೆಲವು ದಿನ ಎರಡು. ಮನೆಯಲ್ಲಿ ಒಬ್ಬಳೇ ಕೂತಾಗ ಬಾರದ ನೆನಪುಗಳು ಕಟ್ಟೆಯ ಮೇಲೆ ಅವರ ನಡುವೆ ಕೂತರೆ ಬರುತ್ತಿದ್ದವು. ಶಿವಗಂಗವ್ವ ತನ್ನ ಅತ್ತೆ ಈರುಳ್ಳಿ ಸಿಪ್ಪೆ ಎಸೆಯಲು ಬಿಡುತ್ತಿರಲಿಲ್ಲ ಎಂದು ಓದುತ್ತಿದ್ದರೆ, ಶೈಲಾ ಈರುಳ್ಳಿ ಸಿಪ್ಪೆಯನ್ನು ಪುಸ್ತಕದ ನಡುವೆ ಇಟ್ಟು ಅದು ಮರಿ ಹಾಕುತ್ತದೆ ಎಂದು ಕಾಯುತ್ತಿದ್ದದ್ದು ನೆನಪಾಗುತ್ತಿತ್ತು. ವಿರೂಪಾಕ್ಷಿಯ ಕಾದಂಬರಿಯಲ್ಲಿ ಯಾರೋ ಮೆಟ್ಟಿಲಿನಿಂದ ಬಿದ್ದರೆ, ಹಲ್ಲು ಎಡಗಡೆಯದು ಎಂದು ಹೊಳೆಯುತ್ತಿತ್ತು. ನಾನು ಅಲ್ಲೇ ಕಳಚಿಕೊಂಡು ನನ್ನ ಮಗಳ ಹಿಂದೆ ಹೋಗುತ್ತಿದ್ದೆ. ಓದು ಮುಗಿದದ್ದು ಗೊತ್ತಾಗುತ್ತಿದ್ದದ್ದು ಉಳಿದವರು ಹೂಂ ಅಂದಾಗ. ನಾನೂ ಜೊತೆಗೆ ಹೂಂ ಅನ್ನುತ್ತಿದ್ದೆ. ಅವರ ಹಾಳೆಗಳು ಒಂದು ದಿನವೂ ಬೆಳ್ಳಗಾಗಲಿಲ್ಲ. ನಾಲ್ವರಿರುವಾಗ ಒಬ್ಬರ ಹೂಂ ನಿಜವಾಗಿದ್ದರೂ ಸಾಕಲ್ಲ.

ದಾವಲಸಾಬರು ಬರೆಯುತ್ತಿದ್ದದ್ದು ಕಡಿಮೆ, ಹದಿನೈದು ದಿನಕ್ಕೊಂದು ಪುಟ. ಏನು ಬರೆಯುತ್ತಿದ್ದರು ಎಂದು ಕೇಳಿದರೆ, ಕಲ್ಲಿನ ಬಗ್ಗೆ ಎಂದಷ್ಟೇ ನಾನು ಹೇಳಬಲ್ಲೆ. ಎರಡು ವರ್ಷ ಪಕ್ಕದಲ್ಲಿ ಕೂತವಳು. ಭೂಮಿಗೆ ಅಲ್ಪಪ್ರಾಣ ಹಾಕುತ್ತಿದ್ದರು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ನಾನು ಒಂದು ದಿನ ಹೋಗದಿದ್ದರೆ ಅವರು ಕೋಲೂರಿಕೊಂಡು ಮನೆಯ ಬಾಗಿಲಿಗೆ ಬಂದು, "ಮಗಳು ನಿನ್ನೆ ಜಾತ್ರಿ ಗೊಂಬಿ ಮುರಕೊಂಡ ನಿಂತಿದ್ಲು, ಮುಂದೇನಾತು?" ಎಂದು ಕೇಳುತ್ತಿದ್ದರು. ಶೈಲಾ ಅವರ ಬಾಯಲ್ಲಿ ಜೀವಂತ ಹುಡುಗಿಯಾಗಿದ್ದಳು. ಅವರು ಕೇಳುತ್ತಿದ್ದರು ಎಂಬ ಒಂದೇ ಕಾರಣಕ್ಕೆ ನಾನು ನೂರ ನಲವತ್ತು ಪುಟ ಬರೆದೆ.

ಈ ಮಳೆಗಾಲ ಕಳೆಯುವಷ್ಟರಲ್ಲಿ ಕಟ್ಟೆ ಖಾಲಿಯಾಯಿತು. ವಿರೂಪಾಕ್ಷಿಗೆ ಬೇರೆ ಊರಿಗೆ ವರ್ಗವಾಯಿತು. ಶಿವಗಂಗವ್ವ ಸಂತೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಳು. ಉಳಿದವರು ನಾನು ಮತ್ತು ದಾವಲಸಾಬರು. ಅವರಿಗೆ ಒಂದು ವಾಕ್ಯ ಓದಲು ಎರಡು ಸಲ ಉಸಿರು ಬೇಕಾಗುತ್ತಿತ್ತು. ಬುಧವಾರ ಅವರು ಹೇಳಿದರು, "ಜೈತುನ ಬರಾಕತ್ತಾಳ್ರಿ ಅಕ್ಕೋರ. ಶುಕ್ರವಾರ."

ಜೈತುನ ಅವರ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಶಾಲೆ ಬಿಡಿಸಿ ಗಣಿಯಲ್ಲಿ ಜಲ್ಲಿ ಒಡೆಯಲು ಕೂರಿಸಿದ್ದರು. ಮದುವೆಯಾಗಿ ದೂರದ ಊರಿಗೆ ಹೋದ ಮೇಲೆ ಅವಳು ಅಪ್ಪನ ಹೊಸ್ತಿಲು ತುಳಿದಿರಲಿಲ್ಲ. ಇಷ್ಟು ನನಗೆ ಗೊತ್ತಿತ್ತು.

"ಅಕಿಗೆ ಬಾಯಿಲೆ ಹೇಳಾಕ ಆಗೂದಿಲ್ರಿ, ದಮ್ಮು ಇಲ್ಲ, ಧೈರ್ಯನೂ ಇಲ್ಲ," ಎಂದರು. "ಒಂದ ಪುಟ ಬರೀತೀನಿ. ನಾಳೆ ಮುಂಜಾನೆ ಕುಂತ್ರ ಮೂರಕ್ಕ ಮುಗೀತೈತಿ. ನೀವು ಹೂಂ ಅಂದ್ರ ಅಕಿ ಕೈಯಾಗ ಕೊಟ್ಟ ಬಿಡ್ತೀನಿ."

ನಾನು ಆಗಲಿ ಎಂದೆ. ಆದರೆ ನನ್ನ ತಲೆಯಲ್ಲಿದ್ದದ್ದು ಬೇರೆ. ನನ್ನ ಪುಸ್ತಕಕ್ಕೂ ಒಂದೇ ಪುಟ ಬಾಕಿಯಿತ್ತು, ಎರಡು ವರ್ಷ ಮುಂದೂಡಿದ್ದ ಪುಟ. ಶೈಲಾಳಿಗೆ ಮೂರು ದಿನದ ಜ್ವರ ಏರಿ ಅವಳನ್ನು ಜೀಪಿನಲ್ಲಿ ದೊಡ್ಡ ದವಾಖಾನೆಗೆ ಒಯ್ಯುತ್ತಿದ್ದೆವು. ಗಣಿಯ ರಸ್ತೆಯಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲಿಸಿದರು, ಮದ್ದು ಸಿಡಿಸುವ ಹೊತ್ತು. ನಲವತ್ತು ನಿಮಿಷ ನಿಂತೆವು. ತೊಡೆಯ ಮೇಲೆ ಮಲಗಿದ್ದ ಶೈಲಾ, "ಅವ್ವಾ, ಇನ್ನ ಎಷ್ಟು ಧಡ್ ಅಂತಾವ?" ಎಂದು ಕೇಳಿದಳು. ನಾನು ಬೆರಳು ಮಡಚಿ ಎಣಿಸಿದೆ. ಹದಿನಾರನೆಯದಕ್ಕೆ ಅವಳು ಕೇಳುವುದನ್ನು ನಿಲ್ಲಿಸಿದಳು.

ಗುರುವಾರ ಮೂರು ಗಂಟೆಗೆ ಇಬ್ಬರೂ ನಮ್ಮ ನಮ್ಮ ಪುಟ ತಂದಿದ್ದೆವು. "ಮೊದಲ ನೀವ ಓದ್ರಿ," ಎಂದರು ದಾವಲಸಾಬರು. ಓದಿದೆ. ಹದಿನಾರಕ್ಕೆ ಬಂದಾಗ ಹಾಳೆ ಕೆಳಗಿಟ್ಟೆ, ಅವರು ಕಾದರು, ಮತ್ತೆ ಎತ್ತಿಕೊಂಡೆ. ಮುಗಿದ ಮೇಲೆ ಟವೆಲಿನಿಂದ ಕಣ್ಣು ಒತ್ತಿಕೊಂಡು, ಹೂಂ ಅಂದರು. ಆಮೇಲೆ ತಮ್ಮ ಹಾಳೆ ಬಿಚ್ಚಿದರು.

ಅವರು ಓದಿದರು. ಕೆಮ್ಮುತ್ತಾ, ನಿಲ್ಲಿಸುತ್ತಾ, ಮತ್ತೆ ಹಿಂದಿನ ಪದದಿಂದ ಶುರು ಮಾಡುತ್ತಾ ಓದಿದರು. ನಾನು ಎದುರಿಗೇ ಕೂತಿದ್ದೆ, ಅವರ ಮುಖವನ್ನೇ ನೋಡುತ್ತಿದ್ದೆ. ಆದರೆ ನಾನು ಇನ್ನೂ ಆ ಜೀಪಿನಲ್ಲಿದ್ದೆ. ಕೊನೆಯ ಸಾಲಿನಲ್ಲಿ 'ನಿಲ್ಲಿಸಿದಳು' ಎಂದದ್ದು ಸರಿಯೋ, 'ಸುಮ್ಮನಾದಳು' ಅನ್ನಬೇಕಿತ್ತೋ ಎಂದು ತೂಗುತ್ತಿದ್ದೆ. ಮಗಳ ಎಂಬ ಪದ ಎರಡು ಸಲ ಕಿವಿಗೆ ಬಿತ್ತು. ಆಗಲೂ ಅದು ನನ್ನ ಮಗಳೇ. ಅವರು ನಿಲ್ಲಿಸಿದ್ದು ಕಂಡು ಹೂಂ ಅಂದೆ.

ಅವರು ನನ್ನನ್ನು ನೋಡಿದರು. "ಕೇಳಿದ್ರಿ?"

"ಕೇಳಿದೆ."

"ಹಂಗಾರ ಆತು ಬಿಡ್ರಿ." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು. "ನಿಮ್ಮ ಕಡೆನ ಇರಲಿ. ನನ್ನ ಎದಿ ಇವತ್ತ ಬರೋಬ್ಬರಿ ಇಲ್ಲ. ನಾನ ಇಲ್ಲಂದ್ರ ನೀವ ಕೊಡ್ರಿ ಅಕಿಗೆ." ಮುಖದಲ್ಲಿ ಒಂದು ನೆಮ್ಮದಿ ಇತ್ತು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಅನ್ನ ಸೇರುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿ ಬಂತು. ಮೊದಲು ನನ್ನ ನೋಟ್‌ಬುಕ್ಕು ತೆಗೆದು ನೋಡಿದೆ. ಹೌದು, ಮೊದಲು ನನ್ನದನ್ನೇ ನೋಡಿದೆ. ಹದಿನಾರೂ ಧಡ್‌ಗಳು ಇದ್ದವು. ಆಮೇಲೆ ಅವರ ಹಾಳೆ ಬಿಚ್ಚಿದೆ. ನಾಲ್ಕು ಮಡಿಕೆಯ ಗುರುತು ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ. ಕಿಟಕಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ. ಅವರು ಓದಿದ್ದನ್ನು ನೆನಪು ಮಾಡಿಕೊಳ್ಳಲು ಕೂತೆ. ಒಂದು ವಾಕ್ಯ, ಅರ್ಧ ವಾಕ್ಯ. ಕೆಮ್ಮು ಮಾತ್ರ ನೆನಪಾಯಿತು.

ಜೈತುನ ಮಧ್ಯಾಹ್ನ ಬಂದಳು, ಮಣ್ಣು ಮಾಡುವ ಹೊತ್ತಿಗೆ. ಮನೆಯ ಹೊರಗೆ ಹೆಂಗಸರ ನಡುವೆ ನಿಂತಿದ್ದವಳು ನನ್ನನ್ನು ಕಂಡು ಹತ್ತಿರ ಬಂದಳು. "ಅಪ್ಪ ನನಗೇನೋ ಬರದಿಟ್ಟಾನಂತ. ನಿಮ್ಮ ಕಡೆ ಕೊಟ್ಟಾನಂತ ಓಣ್ಯಾಗಿನವರು ಅಂದ್ರು."

"ಮನ್ಯಾಗೈತಿ, ಭಾನುವಾರ ಬಾರವಾ," ಎಂದೆ. ಭಾನುವಾರ ಮೂರನೆಯ ದಿನದ ಕಾರ್ಯವಿತ್ತು, ಅಲ್ಲಿಯವರೆಗೆ ಅವಳು ಇರುತ್ತಿದ್ದಳು. ಹೀಗೆ ಎರಡು ದಿನ ಗಿಟ್ಟಿಸಿಕೊಂಡೆ.

ಶನಿವಾರ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ದಾವಲಸಾಬರ ಹೆಸರಿನಲ್ಲಿ ಒಂದು ಪುಟ ಬರೆದೆ. ಶಾಯಿಗೆ ಸತ್ಯ ಸುಳ್ಳಿನ ಹಂಗಿಲ್ಲ, ಕೇಳಿದ ಹೂಂ ಒಂದಿದ್ದರೆ ಅದು ನಿಲ್ಲುತ್ತದೆ. ಅವರ ಕೈಬರಹ ನನಗೆ ಗೊತ್ತಿತ್ತು. ತಪ್ಪಾಯಿತು ಮಗಳೇ ಎಂದು ಅಪ್ಪ ಬೇಡಿಕೊಳ್ಳುವ ಪುಟ. ಚೆನ್ನಾಗಿಯೇ ಬಂದಿತ್ತು, ಬರೆಯುವಾಗ ನನಗೇ ಕಣ್ಣು ತುಂಬಿತು. ಅದನ್ನು ಹಿಡಿದುಕೊಂಡು ಶಿವಗಂಗವ್ವನ ಮನೆಗೆ ಹೋದೆ. ಮಲಗಿದಲ್ಲೇ ಕೇಳಿದಳು, ಕಣ್ಣು ಮುಚ್ಚಿ, ಪೂರ್ತಿ. ಹೂಂ ಅನ್ನಲಿಲ್ಲ.

"ಇದು ದಾವಲಣ್ಣಂದಲ್ಲ," ಎಂದಳು. ಕೈ ಚಾಚಿ ಹಾಳೆ ಇಸಕೊಂಡು ಕಣ್ಣ ಹತ್ತಿರ ಹಿಡಿದಳು. "ಇದರಾಗ ಒಂದ ತಪ್ಪೂ ಇಲ್ಲ."

ನಡೆದದ್ದೇನೆಂದು ಅವಳಿಗೆ ಗೊತ್ತಾಗಿತ್ತು. ಹಾಳೆಯನ್ನು ನನಗೆ ತಿರುಗಿ ಕೊಡುತ್ತಾ, "ನಮ್ಮ ಹಾಳಿ ಬೆಳ್ಳಗಾಗದಂಗ ಯಾರ ಹೂಂ ಹಿಡದಿತ್ತು ಅಂತ ನಾ ಒಮ್ಮೊಮ್ಮೆ ಅಂದ್ಕೊಂತಿದ್ನಿ," ಎಂದಳು. ಅವಳ ಬೈಗುಳದ ಪಟ್ಟಿಯಿಂದ ಒಂದನ್ನು ಎತ್ತಿ ನನಗೆ ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಮನೆಗೆ ಬಂದು ಆ ಹಾಳೆ ಹರಿದೆ. ಇಲ್ಲಿಯವರೆಗಿನದನ್ನು ಭಾನುವಾರ ಬೆಳಕು ಹರಿದಾಗ ಕೂತು ಮಧ್ಯಾಹ್ನದವರೆಗೆ ಬರೆದೆ. ತಿದ್ದಲಿಲ್ಲ. ಮೂರು ಗಂಟೆಗೆ ಜೈತುನ ಬಂದಾಗ ಮೊದಲು ಆ ಬಿಳಿ ಹಾಳೆಯನ್ನು ಅವಳ ಕೈಗೆ ಕೊಟ್ಟೆ, ಆಮೇಲೆ ಇದನ್ನು ಅವಳ ಮುಂದೆ ಓದಿದೆ, ಒಂದಕ್ಷರ ಬಿಡದೆ.

ಅವಳು ಅಳಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಮಡಿಕೆಗಳನ್ನು ಅಂಗೈಯಿಂದ ಸವರುತ್ತಿದ್ದಳು. "ನನ್ನ ಗುರುತು ಸಿಗಲಿಲ್ಲೇನ್ರಿ ಅಕ್ಕೋರ?" ಎಂದಳು. "ನಾಕನೇ ಇಯತ್ತ್ಯಾಗ ನಿಮ್ಮ ಕೈಯಾಗ ಇದ್ದೆ. ಕಿಟಕಿ ಕಡೆ ಕುಂದರ್ತಿದ್ದೆ."

ನನಗೆ ಗುರುತು ಸಿಕ್ಕಿರಲಿಲ್ಲ. ನಾಲ್ಕನೇ ತರಗತಿ ಎಂದರೆ ಒಂಬತ್ತು ವರ್ಷದ ಹುಡುಗಿಯರು. ಶೈಲಾ ಹೋದ ಮೇಲೆ ಆ ವಯಸ್ಸಿನ ಯಾವ ಹುಡುಗಿ ಎದುರಿಗೆ ನಿಂತು ಓದಿದರೂ ನಾನು ನೋಡುತ್ತಿದ್ದದ್ದು ಇನ್ನೊಬ್ಬಳನ್ನು.

"ನಾ ಬರೀತಿದ್ದೆ," ಎಂದಳು ಜೈತುನ. "ದಿನಾ ಬರೀತಿದ್ದೆ. ನಿಮ್ಮ ಮುಂದ ಓದ್ತಿದ್ದೆ, ನೀವು ಹೂಂ ಅಂತಿದ್ರಿ. ಬೆಳಿಗ್ಗೆ ಏನೂ ಇರ್ತಿದ್ದಿಲ್ಲ. ನೀವು ಅಪ್ಪನ್ನ ಕರಸಿ ಪುಸ್ತಕ ತೋರಿಸಿದ್ರಿ. ಅಕ್ಷರ ಹತ್ತದ ಹುಡುಗಿ ಅಂತ ಅಪ್ಪ ಸಾಲಿ ಬಿಡಿಸಿದ. ನಾ ಬರದೀನಿ ಅಂದ್ರ ಅವ ನಂಬಲಿಲ್ಲ. ಅಕ್ಕೋರು ಸುಳ್ಳು ಹೇಳ್ತಾರೇನು ಅಂದ."

ಕ್ಷಮಿಸು ಎನ್ನಲು ಬಾಯಿ ತೆರೆದೆ, ಅವಳು ಕೈ ಎತ್ತಿ ತಡೆದಳು. ನನ್ನ ಕೈಲಿದ್ದ ಬರಹದ ಕಡೆ ನೋಡಿ ಹೂಂ ಅಂದಳು. ಅದರಲ್ಲಿ ಕ್ಷಮೆ ಇರಲಿಲ್ಲ. ಕೇಳಿದ್ದೇನೆ ಎಂಬುದಷ್ಟೇ ಇತ್ತು. ಅಪ್ಪನ ಹಾಗೆಯೇ ಸ್ವಲ್ಪ ತಡವಾಗಿ ಬಂದ ಹೂಂ.

"ಪೆನ್ನು ಕೊಡ್ರಿ," ಎಂದಳು. ಅಪ್ಪನ ಬಿಳಿ ಹಾಳೆಯ ಮೇಲೆ, ಅಲ್ಲೇ ನೆಲದ ಮೇಲೆ ಕೂತು, ಬರೆದಳು. ಬಹಳ ಹೊತ್ತು ಬರೆದಳು, ಒಂದೊಂದು ಅಕ್ಷರಕ್ಕೂ ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು. ಆಮೇಲೆ ನನ್ನ ಎದುರಿಗೆ ಎದ್ದು ನಿಂತು, ತರಗತಿಯಲ್ಲಿ ನಿಲ್ಲುವಂತೆ ನಿಂತು, ಓದಿದಳು. ನಾನು ಅವಳನ್ನು ನೋಡಿದೆ. ಬಲಗೆನ್ನೆಯ ಮೇಲೆ ಜಲ್ಲಿ ಸಿಡಿದ ಸಣ್ಣ ಕಲೆ ಇತ್ತು. ಶೈಲಾ ಒಮ್ಮೆ ಬಂದಳು, ಅವಳನ್ನು ಹೊರಗೆ ಕಳಿಸಿದೆ. ಓದು ಮುಗಿದಾಗ ನಾನು ಹೂಂ ಅಂದೆ.

ಜೈತುನ ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಐದರ ಬಸ್ಸಿಗೆ ಹೋಗ್ತೀನಿ. ನಾಳೆ ಮುಂಜಾನೆ ಬಿಚ್ಚಿ ನೋಡ್ತೀನಿ. ಬೆಳ್ಳಗಾಗಿದ್ರ ತಿರುಗಿ ಬರ್ತೀನ್ರಿ ಅಕ್ಕೋರ, ನಿಮ್ಮನ್ನ ಕೇಳಾಕ."

ಈ ಕೊನೆಯ ಭಾಗವನ್ನು ಶಿವಗಂಗವ್ವನ ಮಂಚದ ಪಕ್ಕ ಕೂತು ಓದಿದ್ದೇನೆ, ಅವಳು ಹೂಂ ಅಂದಿದ್ದಾಳೆ. ದಿನಾ ಮೂರು ಗಂಟೆಗೆ ಅಲ್ಲಿಗೇ ಹೋಗುತ್ತೇನೆ. ಅವಳ ಪಟ್ಟಿ ಇನ್ನೂ ಮುಗಿದಿಲ್ಲ. ಈಗ ಅವಳಿಗೆ ನನ್ನದೊಂದೇ ಹೂಂ. ಮೊದಲ ವಾರ ನಾಲ್ಕು ಹಾಳೆ ಬೆಳ್ಳಗಾದವು. ಅವಳು ಏನೂ ಅನ್ನದೆ ಮತ್ತೆ ಬರೆದಳು. ಕಳೆದ ತಿಂಗಳು ಒಂದೂ ಆಗಿಲ್ಲ. ಜೈತುನ ಅಂದು ಏನು ಓದಿದಳು ಎಂಬುದು ನನಗೆ ಮೊದಲಿನಿಂದ ಕೊನೆಯವರೆಗೆ ಗೊತ್ತು, ಅದರಲ್ಲಿದ್ದ ತಪ್ಪುಗಳ ಸಮೇತ. ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಮೂರು ತಿಂಗಳಾಯಿತು. ಸಂಜೆ ಬಸ್ಸು ಬರುವ ಹೊತ್ತಿಗೆ ಮನೆಗೆ ಬಂದು ಬಾಗಿಲು ತೆಗೆದು ಕೂರುತ್ತೇನೆ. ಅವಳು ಬರದಿರಲಿ ಎಂದು ಬೇಡಿಕೊಳ್ಳುತ್ತೇನೆ. ಬರಲಿ ಎಂದೂ ಅನ್ನಿಸುತ್ತದೆ, ಅದಕ್ಕೆ ನಾಚಿಕೆಯಾಗುತ್ತದೆ. ಇನ್ನೂ ಬಂದಿಲ್ಲ.